ಪರವಾಗಿಲ್ಲ ಅಂದರೆ

ಮಾರ್ಚ್ 4

ಇವತ್ತೂ ಗುಂಡಿ ಹೊಲಿದದ್ದು ನಾನೇ. ದೊಡ್ಡಮ್ಮನ ಬಲಗೈ ಹೆಬ್ಬೆರಳು ಮಡಚಿದರೆ ಮಡಚಿದ ಹಾಗೇ. ಎಡಗೈಯಿಂದ ಎಳೆದು ಬಿಡಿಸಬೇಕು. ಟಕ್ ಎನ್ನುತ್ತದೆ. ನೋವಾ ಎಂದರೆ ‘ಪರವಾಗಿಲ್ಲ’. ಇಸ್ತ್ರಿಪೆಟ್ಟಿಗೆ ತಾಗಿ ಮೊಣಕೈಯಲ್ಲಿ ಬೊಬ್ಬೆ ಎದ್ದಾಗಲೂ ಇದೇ ಮಾತು. ಕತ್ತರಿ ಹಿಡಿಯಲಾಗದ ಟೈಲರ್... ಅಂತೂ ಆಪರೇಷನ್‌ಗೆ ಒಪ್ಪಿದ್ದಾಳೆ.

ಮಾರ್ಚ್ 9

ಪ್ರಜ್ಞೆ ತಪ್ಪಿಸುವುದಿಲ್ಲವಂತೆ. ಅಂಗೈಗೆ ಮಾತ್ರ ಇಂಜೆಕ್ಷನ್, ಒಂದೇ ಸಿರಿಂಜಿನಲ್ಲಿ ಎರಡು ಔಷಧಿ.

“ಒಂದು ಬೇಗ ಬಂದು ಬೇಗ ಹೋಗುತ್ತೆ. ಇನ್ನೊಂದು ನಿಧಾನಕ್ಕೆ ಬಂದು ಸಂಜೆವರೆಗೂ ಕೂತಿರುತ್ತೆ,” ಎಂದರು ಡಾಕ್ಟರ್.

“ನಮ್ಮನೆ ನೆಂಟರ ಹಾಗೇ,” ಎಂದಳು ದೊಡ್ಡಮ್ಮ.

ಅವಳಿಗೆ ಕಿವಿ ಮಂದ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಆಪರೇಷನ್ ಕೋಣೆಯೊಳಗೆ ಎಲ್ಲರಿಗೂ ಮಾಸ್ಕ್. ಆದ್ದರಿಂದ ನಾನು ಪಕ್ಕದಲ್ಲಿದ್ದು ಅವರ ಪ್ರಶ್ನೆ ಇವಳ ಕಿವಿಗೆ, ಇವಳ ಉತ್ತರ ಅವರಿಗೆ ಮುಟ್ಟಿಸಬೇಕು. ಎಂ.ಎ. ಮಾಡಿದವಳಿಗೆ ಕೂಗುವುದನ್ನು ಮಾತ್ರ ಯಾರೂ ಕಲಿಸಲಿಲ್ಲ ಎಂದು ದೊಡ್ಡಮ್ಮ ನನ್ನನ್ನು ನೋಡಿ ನಕ್ಕಳು.

ಮಾರ್ಚ್ 17, ಮಧ್ಯಾಹ್ನ

ಬರೆದುಬಿಡಬೇಕು.

ಇಂಜೆಕ್ಷನ್ ಆಯಿತು. ಸ್ವಲ್ಪ ಕಾದರು. ಡಾಕ್ಟರ್ ಚಿಮಟದಿಂದ ಅಂಗೈ ಚಿವುಟಿ, ನೋವಿದೆಯಾ ಕೇಳಿ ಎಂದರು. ಕೇಳಿದೆ. “ಪರವಾಗಿಲ್ಲ.” ಹಾಗೇ ಮುಟ್ಟಿಸಿದೆ, ಅಕ್ಷರ ಬಿಡದೆ. ಡಾಕ್ಟರ್ ಬ್ಲೇಡಿಗೆ ಕೈ ಚಾಚಿದರು.

ಹೊದಿಕೆಯ ಆಚೆ ತುದಿಯಲ್ಲಿ ದೊಡ್ಡಮ್ಮನ ಕಾಲ್ಬೆರಳುಗಳು ಮುದುಡಿಕೊಂಡಿದ್ದವು. ಬ್ಲೇಡ್ ಹತ್ತಿರ ಬಂತು...

“ಬೇಡ. ಅವಳ ಪರವಾಗಿಲ್ಲ ಅಂದ್ರೆ ನೋವಿದೆ ಅಂತ.”

ನರ್ಸ್ ತಿರುಗಿ ನೋಡಿದರು. ನನ್ನ ದನಿ ಅಷ್ಟು ಜೋರಾಗಿತ್ತು. ಡಾಕ್ಟರ್ ಬ್ಲೇಡ್ ಕೆಳಗಿಟ್ಟು ಇನ್ನಷ್ಟು ಔಷಧಿ ಕೊಟ್ಟರು. ಕಾದರು. ಮತ್ತೆ ಚಿವುಟಿದರು. ಈ ಸಲ ನಾನು ಕಾಲ್ಬೆರಳುಗಳನ್ನೇ ನೋಡಿದೆ. ಸಡಿಲವಾಗಿದ್ದವು.

ಉಳಿದದ್ದು ಬೇಗ ಮುಗಿಯಿತು. ಹೆಬ್ಬೆರಳು ಮಡಚಿ ಬಿಡಿಸಲು ಹೇಳಿದರು. ಟಕ್ ಎನ್ನಲಿಲ್ಲ.

ಆಟೋದಲ್ಲಿ ದೊಡ್ಡಮ್ಮ ಮುಖ ತಿರುಗಿಸಿ ಕೂತಳು. ಮನೆ ಬಂದ ಮೇಲೆ ಒಂದೇ ಮಾತು: “ನಾಲ್ಕು ಜನರ ಮುಂದೆ ನನ್ನನ್ನ ಅಳುಮುಂಜಿ ಮಾಡಿದೆಯಲ್ಲೇ.”

ಸಂಜೆ

ದೊಡ್ಡಮ್ಮ ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟು, ಯಾರದೋ ಸಾಮಾನು ಕಾಯುವವಳಂತೆ ಕೂತಿದ್ದಾಳೆ. ಜೋಮು ಪೂರ್ತಿ ಬಿಡುವ ಮೊದಲೇ ಮಾತ್ರೆ ಕೊಡಬೇಕು, ಬಿಟ್ಟ ಮೇಲೆ ಕೊಟ್ಟರೆ ರಾತ್ರಿಯೆಲ್ಲ ನರಳಾಟ ಎಂದಿದ್ದಾರೆ. ಬಿಡುತ್ತಿದೆಯೋ ಇಲ್ಲವೋ, ಅವಳೇ ಹೇಳಬೇಕು. ಹೇಳುವ ಪೈಕಿಯಲ್ಲ. ಮೂರು ಸಲ ಬಾಗಿಲಿಗೆ ಹೋಗಿ ಬಂದೆ. ಕಾಲಿನ ಮೇಲೆ ದುಪ್ಪಟಿ ಎಳೆದುಕೊಂಡಿದ್ದಾಳೆ, ಬೇಕೆಂದೇ. ಕೇಳಿದರೆ ಸಿಟ್ಟು. ಕೇಳದಿದ್ದರೆ—

ಕರೆಯುತ್ತಿದ್ದಾಳೆ.

“ಏ, ಎಲ್ಲಿ ಸತ್ತೆ? ಉರೀತಿದೆ ಕಣೇ.”

ನೀರು, ಮಾತ್ರೆ—