ಒಳಗೆ ಹೋಗಿದ್ದ ಗುಂಡಿ

ಡುಲೂತ್, ಮಿನ್ನೆಸೋಟ
ಡಿಸೆಂಬರ್ 17, 1987, ಗುರುವಾರ

ಪ್ರೀತಿಯ ಐಲಿ,

ಚೆನ್ನಾಗಿದ್ದೀಯಾ ಮಗಳೇ? ಎಡಗೈ ಹೆಬ್ಬೆರಳಿನ ಮೇಲೆ ಎದ್ದ ಬೊಬ್ಬೆಯೊಂದನ್ನು ಬಿಟ್ಟರೆ ನಾನು ಆರೋಗ್ಯವಾಗಿದ್ದೇನೆ. ನೀನು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂದು ಹೋಗಿ ಮೂರು ವಾರವಾಯಿತು. ಮಿನ್ನಿಯಾಪೊಲಿಸ್ ಸುಖವಾಗಿ ತಲುಪಿದೆಯಾ ಎಂದು ಒಂದು ಮಾತು ಕೇಳಲಿಲ್ಲ. ತಪ್ಪಾಯಿತು. ನಿನ್ನೆ ಸಂಜೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ, ಯಾರೂ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದು ಹಾಕಿಯಾಯಿತು, ಇದು ನಾಲ್ಕನೆಯದು. ಕಾಫಿಯೂ ಅಷ್ಟೇ ಆಗಿರಬೇಕು.

ಮುಚ್ಚಿಟ್ಟು ಪ್ರಯೋಜನವಿಲ್ಲ, ನಿನ್ನ ಮೇಲೆ ನನಗೆ ವಿಪರೀತ ಕೋಪ ಬಂದಿತ್ತು. ನೀನು ಹೊರಟ ಶುಕ್ರವಾರ ಸಂಜೆ ಐಸ್ ಹಾಕಿ ಪಂದ್ಯ ಕೇಳೋಣವೆಂದು ಸ್ಟೀರಿಯೋ ರಿಸೀವರ್ ಹಾಕಿದೆ. ದೀಪ ಹತ್ತಿತು, ಮುಳ್ಳು ಅಲುಗಾಡಿತು, ಸದ್ದು ಮಾತ್ರ ಇಲ್ಲ. ರೇಡಿಯೋ ಇಲ್ಲ, ರೆಕಾರ್ಡೂ ಇಲ್ಲ. ಹಿಂದಿನ ದಿನ ಊಟವಾದ ಮೇಲೆ ನೀನು ಅದರ ಮುಂದೆ ಕೂತು ಏನೋ ಮಾಡುತ್ತಿದ್ದದ್ದು ನೆನಪಾಯಿತು. ಹೊರಡುವಾಗ ಕೋಟು ಹಾಕಿಕೊಂಡು ಹೇಳಿದ್ದೆಯಲ್ಲ, "ಅಪ್ಪಾ, ಡೆಕ್ಕಲ್ಲಿ ನಿಂಗೆ ಅಂತ ಒಂದು ಕ್ಯಾಸೆಟ್ ಇಟ್ಟಿದೀನಿ. ಎಲ್ಲಾ ಸರಿ ಮಾಡಿದೀನಿ, ಪ್ಲೇ ಒತ್ತಿದ್ರೆ ಸಾಕು. ಬೇಗ ಕೇಳು." ನಾನು ನಿನ್ನ ಕಾರಿನ ಬ್ಯಾಟರಿಗೆ ತಲೆ ತೂರಿಸಿಕೊಂಡಿದ್ದೆ. "ಆಯ್ತು ಆಯ್ತು, ಮೊದ್ಲು ಈ ತುಕ್ಕು ನೋಡು, ಹಿಂಗಾ ಗಾಡಿ ಇಟ್ಕೊಳೋದು?" ಅಂದೆ. ಕ್ರಿಸ್‌ಮಸ್ ಹಾಡುಗಳಿರಬೇಕು ಅಂದುಕೊಂಡೆ.

ಎಲ್ಲ ಸರಿ ಮಾಡಿದ್ದಾಳಂತೆ, ಹಾಳು ಮಾಡಿ ಹೋಗಿದ್ದಾಳೆ ಎಂದು ಗೊಣಗಿಕೊಂಡು ಡೆಕ್ಕಿನ ತಂತಿ ಕಿತ್ತು, ಕ್ಯಾಸೆಟ್ ಸಮೇತ ಅದನ್ನು ನಿನ್ನ ಅಮ್ಮನ ಹೊಲಿಗೆ ಯಂತ್ರದ ಮೇಲಿಟ್ಟೆ. ರಿಸೀವರ್ ಸ್ಪೀಕರುಗಳ ಸಮೇತ ಅಡುಗೆಮನೆಯ ಮೇಜಿಗೆ ಬಂತು. ಆಮೇಲೆ ಮೂರು ವಾರ ನಾನು ನಿಂತುಕೊಂಡೇ ಉಂಡೆ.

ನಾನೇನು ಕಣ್ಣುಮುಚ್ಚಿ ಕೈ ಹಾಕಲಿಲ್ಲ. ಸ್ಪೀಕರ್ ತಂತಿಗಳಿಗೆ ಟಾರ್ಚಿನ ಶೆಲ್ ತಾಗಿಸಿ ನೋಡಿದೆ, ಎರಡೂ ಟಕ್ ಎಂದವು. ಹಾಗಾದರೆ ರೋಗ ಪೆಟ್ಟಿಗೆಯೊಳಗೇ ಇದೆ ಎಂದಾಯಿತು. ಮುಚ್ಚಳ ತೆಗೆದು ಸ್ಕ್ರೂಗಳನ್ನು ಮೊಟ್ಟೆ ಡಬ್ಬಿಯ ಗುಳಿಗಳಲ್ಲಿ ಒಂದೊಂದಾಗಿ ಇಟ್ಟೆ. ಫ್ಯೂಸುಗಳು ನೆಟ್ಟಗಿದ್ದವು. ದೊಡ್ಡ ಕೆಪಾಸಿಟರುಗಳ ಮೇಲೆ ಅನುಮಾನ ಬಂದು ಹೊಸದು ತರಿಸಿ ಹಾಕಿದೆ. ಒಂದು ಸಲ ಕರೆಂಟು ಮೊಣಕೈತನಕ ಹೊಡೆಯಿತು. ಬೊಬ್ಬೆ ಸೋಲ್ಡರಿಂಗ್ ಐರನ್ ಕೊಟ್ಟ ಬಹುಮಾನ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ದೀಪ ಹತ್ತುತ್ತಿತ್ತು, ಮುಳ್ಳು ಅಲುಗುತ್ತಿತ್ತು, ಮನೆ ಮಾತ್ರ ಗಪ್‌ಚುಪ್. ನಿದ್ದೆ ಹತ್ತುತ್ತಿರಲಿಲ್ಲ. ಹಲ್ಲುಜ್ಜುವಾಗಲೂ ತಲೆಯಲ್ಲಿ ಅದರದ್ದೇ ನಕ್ಷೆ ಓಡುತ್ತಿತ್ತು.

ಪಕ್ಕದ ಮನೆಯ ಹೆಲ್ಮಿ ಒಂದು ದಿನ ಏಲಕ್ಕಿ ಬ್ರೆಡ್ ತಂದುಕೊಟ್ಟು, "ಅಲ್ಲಾ ಆರ್ವೊ, ಐಲಿಗೆ ಒಂದು ಫೋನ್ ಮಾಡಿ ಏನು ಒತ್ತಿದ್ಯಮ್ಮಾ ಅಂತ ಕೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅಂದಳು.

"ಮೂವತ್ತೆಂಟು ವರ್ಷ ಹಡಗಿಗೆ ಅದಿರು ತುಂಬೋ ಕಟ್ಟೆಯ ಮೋಟಾರು ನೋಡ್ಕೊಂಡವನು ನಾನು. ಕೆಡಿಸಿದವಳ ಹತ್ರ ಹೋಗಿ ಪಾಠ ಹೇಳಿಸ್ಕೊಳ್ಳಲಾ?" ಎಂದೆ. ಮೊದಲು ರಿಪೇರಿ, ಆಮೇಲೆ ಫೋನು ಎಂದು ಹಟ ಹಿಡಿದಿದ್ದೆ. ನನ್ನ ಕೈಯಲ್ಲಾಯಿತು ನೋಡು ಎಂದು ನಿನಗೆ ತೋರಿಸಬೇಕಿತ್ತು.

ನಿನ್ನೆ ಬ್ರೆಡ್ಡಿನ ತಟ್ಟೆ ತೆಗೆದುಕೊಂಡು ಹೋಗಲು ಹೆಲ್ಮಿ ಮತ್ತೆ ಬಂದಳು. ಕನ್ನಡಕ ಏರಿಸಿ, ನಾನು ಆಗಷ್ಟೇ ಸ್ವಿಚ್ ಹಾಕಿದ್ದ ರಿಸೀವರಿನ ಮುಖ ನೋಡಿದಳು. "ಇದೇನು, ಎಲ್ಲಾ ಗುಂಡಿ ಹೊರಗಿದೆ, ಇದೊಂದು ಒಳಗೆ ಹೋಗಿದೆ? ಸಿಕ್ಕಾಕ್ಕೊಂಡಿದೆಯೋ ಏನೋ" ಎಂದು ಒತ್ತಿಯೇಬಿಟ್ಟಳು. ಸರೋವರದ ಮೇಲೆ ಬಿರುಗಾಳಿ ಏಳಲಿದೆ ಎಂದು ರೇಡಿಯೋ ಮನೆ ಹಾರಿಹೋಗುವಂತೆ ಕೂಗಿತು. ಹೆಲ್ಮಿಯ ಕೈಯಿಂದ ತಟ್ಟೆ ಬಿತ್ತು.

ಅದು ಟೇಪ್ ಗುಂಡಿ, ಐಲಿ. ಅದನ್ನು ಒತ್ತಿದರೆ ರಿಸೀವರ್ ರೇಡಿಯೋಗೆ, ರೆಕಾರ್ಡಿಗೆ ಕಿವಿ ಮುಚ್ಚಿಕೊಂಡು ಕ್ಯಾಸೆಟ್ಟೊಂದನ್ನೇ ಕೇಳುತ್ತದೆ. ನಾನು ಪ್ಲೇ ಒತ್ತಿದರೆ ಸಾಕು ಅನ್ನುವಂತೆ ನೀನು ಅಣಿಮಾಡಿ ಹೋಗಿದ್ದೆ. ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಹೆಲ್ಮಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೂವತ್ತೆಂಟು ವರ್ಷ ಆ ಕಟ್ಟೆ ಹೇಗಪ್ಪಾ ನಡೀತು?" ಅಂದಳು. ನಾನೂ ನಕ್ಕೆ. ಅವಳು ಹೋದಮೇಲೆ ಡೆಕ್ಕನ್ನು ಮತ್ತೆ ಜೋಡಿಸಿದೆ.

ಈಗ ಎದ್ದು ಹೋಗಿ ಇನ್ನೊಂದು ಸಲ ಫೋನ್ ಮಾಡಿ ಬಂದೆ. ಇಲ್ಲ.

ಹೋದ ವರ್ಷದ ಹಬ್ಬದೂಟದಲ್ಲಿ ನಾನು ಆಡಿದ ಮಾತು ನಿನಗೆ ನೆನಪಿರುತ್ತದೆ. ದೀಪ ಆರಿದಾಗ ನಿನ್ನ ರಸೆಲ್ ಎದ್ದ, ಫ್ಯೂಸ್ ಪೆಟ್ಟಿಗೆ ಎಲ್ಲಿದೆ ಎಂದು ಹುಡುಕಿಕೊಂಡು ಪೊರಕೆ ಇಡುವ ಗೂಡಿನ ಬಾಗಿಲು ತೆಗೆದ. "ಒಂದು ಫ್ಯೂಸ್ ಹಾಕಕ್ಕೆ ಬರಲ್ಲ, ಇವನು ಸಂಸಾರ ಮಾಡ್ತಾನಂತೆ" ಎಂದೆ, ಎಲ್ಲರಿಗೂ ಕೇಳುವಂತೆ. ಅವನು ಕತ್ತಲಲ್ಲಿ ನಕ್ಕ. ನೀನು ನಗಲಿಲ್ಲ. ಆಮೇಲೆ ನನ್ನೆದುರು ನೀನು ಅವನ ಹೆಸರೆತ್ತಲಿಲ್ಲ, ನಾನೂ ಕೇಳಲಿಲ್ಲ. ಅವನಿಗೆ ಹೇಳು, ನನಗೆ ಒಂದು ಗುಂಡಿ ಕಾಣಿಸಲಿಲ್ಲ ಎಂದು. ಅವನು ಎಷ್ಟು ಬೇಕಾದರೂ ನಗಲಿ. ಆ ಮಾತು ಆಡಿದ್ದಕ್ಕೆ ನನಗೆ ನಾಚಿಕೆಯಾಗಿದೆ.

ಇಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ. ಸೌನಾದ ಒಲೆಗೆ ಹೊಸ ಕೊಳವೆ ಹಾಕಿದ್ದೇನೆ. ನೀವಿಬ್ಬರೂ ಬಂದರೆ ಹಬೆಸ್ನಾನಕ್ಕೆ ಬಿಸಿ ಮಾಡಿಡುತ್ತೇನೆ. ಎಲ್ಲಿದ್ದರೂ ನೀನು ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ಬ್ಯಾಟರಿ ಬದಲಾಯಿಸು. ದೇವರು ನಿಮ್ಮಿಬ್ಬರನ್ನೂ ಕಾಯಲಿ.

ಇತಿ ನಿನ್ನ
ಅಪ್ಪ ಆರ್ವೊ

ತಾ.ಕ.: ಕ್ಯಾಸೆಟ್ ನಿನ್ನೆ ನಾಲ್ಕು ಸಲ ಕೇಳಿದೆ. "ಅಪ್ಪಾ, ಎದುರಿಗೆ ಕೂತು ಹೇಳಕ್ಕೆ ಹೋದ್ರೆ ನೀನು ಎದ್ದು ಏನಾದ್ರೂ ರಿಪೇರಿ ಮಾಡಕ್ಕೆ ಹೊರಟುಬಿಡ್ತೀಯ. ಅದಕ್ಕೇ ಇದ್ರಲ್ಲಿ ಹೇಳ್ತಿದೀನಿ. ಡಿಸೆಂಬರ್ ಹನ್ನೊಂದು, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಮಿನ್ನಿಯಾಪೊಲಿಸ್ ಕೋರ್ಟಲ್ಲಿ ನಾನೂ ರಸೆಲ್ಲೂ ಮದುವೆ ಆಗ್ತಿದೀವಿ. ಇಬ್ರು ಸಾಕ್ಷಿ ಬೇಕು. ಅವನ ಕಡೆಯಿಂದ ಅವನ ತಂಗಿ, ನನ್ನ ಕಡೆಯಿಂದ ನೀನು. ಬರೋ ಹಾಗಿದ್ರೆ ಫೋನ್ ಮಾಡು. ಮಾಡ್ಲಿಲ್ಲ ಅಂದ್ರೆ ಇಷ್ಟ ಇಲ್ಲ ಅಂತ ತಿಳ್ಕೋತೀನಿ. ಮತ್ತೆ ಕೇಳಲ್ಲ, ಜಗಳಾನೂ ಆಡಲ್ಲ." ಅಷ್ಟೇ ಇತ್ತು. ಆ ಶುಕ್ರವಾರ ನಾನು ಎಲ್ಲಿದ್ದೆ ಎಂದು ಲೆಕ್ಕ ಹಾಕಿದೆ. ಇದೇ ಮೇಜಿನ ಮುಂದೆ ಇದ್ದೆ. ಹತ್ತೂವರೆಗೆ ಫೋನ್ ಬಡಿದುಕೊಂಡಿತು. ನಿಂತು, ಮತ್ತೆ ಇನ್ನೊಂದು ಸಲ, ತುಂಬ ಹೊತ್ತು ಬಡಿದುಕೊಂಡಿತು. ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್ ಇತ್ತು, ಎತ್ತಲಿಲ್ಲ. ಮತ್ತೆ ಕೇಳುವುದಿಲ್ಲ ಎಂದಿದ್ದೆಯಲ್ಲ, ಐಲಿ, ಆ ಫೋನ್ ಮಾಡಿದ್ದು ನೀನೇನಾ?