ಪರಿಚಯದವರಿಗೆ ಮಾತ್ರ

ಮಾರ್ಚ್ ೪, ಬೆಳಿಗ್ಗೆ
ಸಂಪಾದಕರಿಗೆ ಪತ್ರ ಹೋಯಿತು — ಈ ಸಲ ಬಸ್ ಸ್ಟಾಪಿನ ಆರಿದ ದೀಪ. ನಿನ್ನೆಯ ಅವಮಾನ ಮಾತ್ರ ಇನ್ನೂ ಇಳಿದಿಲ್ಲ. ಪ್ರೆಸ್ಸಿನ ಹಿಂದಿನ ಗಲ್ಲಿಯಲ್ಲಿ ಬೋರ್ಡಿಲ್ಲದ ಜಪಾನಿ ಹೋಟೆಲು. ಹೆಂಡತಿಗೆ ತನ್ನ ಅರವತ್ತನೇ ಹುಟ್ಟುಹಬ್ಬದ ಊಟ ಅಲ್ಲೇ ಆಗಬೇಕಂತೆ. ಸೀಟು ಕೇಳಲು ಹೋದರೆ ಅಡುಗೆಯವರು ಸೊಂಟ ಬಗ್ಗಿಸಿ ವಂದಿಸಿ, ಹೊಸಿಲಾಚೆಯೇ ನಿಲ್ಲಿಸಿದರು. ಹಳೇ ಗಿರಾಕಿ ಯಾರಾದರೂ ಕರೆತರಬೇಕು. ಬಂದವನು ತಲೆಹರಟೆ ಮಾಡಿದರೆ ಕರೆತಂದವನಿಗೂ ಬಾಗಿಲು ಬಂದ್. ಅದು ಅವರ ಪದ್ಧತಿ.

ದುಡ್ಡು ಕೊಟ್ಟು ಉಣ್ಣುವವನಿಗೂ ಶಿಫಾರಸು. ಹಿಂದೆ ಟೆಲಿಫೋನ್ ಕನೆಕ್ಷನ್ನಿಗೂ ಹೀಗೇ ಅಲೆಸಿದ್ದರು. ಮರೆತಿಲ್ಲ.

ಮಾರ್ಚ್ ೯
ಗಿರಾಕಿ ಸಿಕ್ಕಿದ. ಸಿಗಬಾರದವನೇ — ನಗರಪಾಲಿಕೆಯ ಎಂಜಿನಿಯರ್. ಪೇಪರಿನಲ್ಲಿ ನಾನೇ 'ಗುಂಡಿ ಸಾಹೇಬರು' ಎಂದು ಹೆಸರಿಟ್ಟ ಆಸಾಮಿ. ಇವಳ ಗೆಳತಿಯ ಗಂಡ ಬೇರೆ. ಮನೆಗೇ ಬಂದರು.
"ಕರ್ಕೊಂಡು ಹೋಗ್ತೀನಿ ಅಕ್ಕಾ. ಆದ್ರೆ ಇವರು ಅಲ್ಲೊಂದು ತಪ್ಪು ಹುಡುಕಿದ್ರೂ ನನ್ನ ಕುರ್ಚಿ ಹೋಗುತ್ತೆ."
"ಹುಡುಕಲ್ಲ ಬಿಡಿ. ಇವರ ಬಾಯಿಗೆ ನಾನು ಜಾಮೀನು."
ಬಾಯಿ ಇರುವವನನ್ನು ಯಾರೂ ಕೇಳಲಿಲ್ಲ.

ಮಾರ್ಚ್ ೧೬, ಮಧ್ಯಾಹ್ನ
ಉಂಡು ಬಂದೆವು. ಬಾಗಿಲ ಮುಂದೆಯೇ ಫುಟ್‌ಪಾತಿನ ಚಪ್ಪಡಿ ಅಲ್ಲಾಡಿ ನಾನು ಮುಗ್ಗರಿಸಿದೆ. ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು. ನುಂಗಿಕೊಂಡೆ. ಒಳಗೆ ಮೆನು ಇಲ್ಲ, ಕೊಟ್ಟದ್ದು ತಿನ್ನಬೇಕು. ನುಂಗಿಕೊಂಡೆ. ಕುರ್ಚಿಗೆ ಬೆನ್ನಿಲ್ಲ...
"ಏನಾದ್ರೂ ಹೇಳೋದಿತ್ತಾ ಸಾರ್?" — ಸಾಹೇಬರ ಪಿಸುಮಾತು. ಖುಷಿ ತಡೆಯಲಾಗುತ್ತಿಲ್ಲ ಮನುಷ್ಯನಿಗೆ.
"ಟೀ ಚೆನ್ನಾಗಿದೆ," ಅಂದೆ.
ಆಮೇಲೆ ಬಂತು, ಕೆಂಡದಲ್ಲಿ ಸುಟ್ಟು, ಮಿಸೊ ಎಂಬ ಸೋಯಾ ಗೊಜ್ಜು ಸವರಿದ ಬದನೆಕಾಯಿ. ಹೇಳಲು ನಿಜಕ್ಕೂ ಏನೂ ಉಳಿಯಲಿಲ್ಲ. ಇವಳು ಕಣ್ಣು ಮುಚ್ಚಿಕೊಂಡು ತಿಂದಳು.
ಕೊನೆಯ ಟೀ ಕುಡಿಯುವಾಗ ಅಡುಗೆಯವರು ಸಾಹೇಬರಿಗೆ ಹೇಳಿದರು: "ನಿಮ್ಮ ಸ್ನೇಹಿತರು ಬಹಳ ಶಾಂತ ಸ್ವಭಾವದವರು. ಇನ್ನು ಮುಂದೆ ಅವರೇ ಬರಬಹುದು."
ಸಾಹೇಬರಿಗೆ ಟೀ ನೆತ್ತಿಗೇರಿತು.

ಮಾರ್ಚ್ ೨೧
ಇವಳಿಗೆ ಮತ್ತೆ ಹೋಗಬೇಕಂತೆ, ತಂಗಿಯನ್ನೂ ಕರೆದುಕೊಂಡು. ನಾದಿನಿಗೆ ಮಂಡಿನೋವು. ಆ ಚಪ್ಪಡಿ ನೆನಪಾಗಿ ಸಾಹೇಬರಿಗೆ ಫೋನ್ ಮಾಡಿದೆ.
"ಪೇಪರಲ್ಲಿ ಬಂದ್ರೇನೇ ಮೇಲಿನವರು ರಿಪೇರಿಗೆ ಸಹಿ ಹಾಕೋದು ಸಾರ್. ನೀವೇ ಬರೀರಿ, ಎಂದಿನ ಹಾಗೆ ಬೈದೇ ಬರೀರಿ. ಆದ್ರೆ ಹೋಟ್ಲು ಸುದ್ದಿ ಎತ್ತಿದ್ರೋ, ಮಾರನೇ ದಿನ ಗಲ್ಲಿ ತುಂಬ ಕ್ಯೂ. ನಮ್ಮಿಬ್ಬರಿಗೂ ಕುರ್ಚಿ ಇರಲ್ಲ."
ನಮ್ಮಿಬ್ಬರಿಗೂ ಅಂತೆ. ಇರಲಿ. ಕರಡು ಇಲ್ಲೇ ಬರೆದು ನೋಡುತ್ತೇನೆ —
ಮಾನ್ಯ ಸಂಪಾದಕರೇ, ಪ್ರೆಸ್ಸಿನ ಹಿಂದಿನ ಗಲ್ಲಿಯಲ್ಲಿ, ನೋಡುವಂಥದ್ದು ಏನೇನೂ ಇಲ್ಲದ, ಯಾರೂ ಹೋಗಬೇಕಾದ ಅಗತ್ಯವೇ ಇಲ್ಲದ ಒಂದು ಬಾಗಿಲ ಮುಂದೆ, ದಿನವೂ ಎಡವುತ್ತಿರುವ ನೂರಾರು ನಾಗರಿಕರು...