ಅದು ಅತ್ತರ್ ಅಲ್ಲ ಉಪ್ಪಾ

ಉಪ್ಪಾ,

ನಾನು ಪುತ್ತೂರಿಗೆ ಹೊರಟೆ, ಸಂಜೆ ಬರುತ್ತೇನೆ. ನಿಮ್ಮ ಅರೆತಲೆನೋವಿನ ಹೊಸ ಸ್ಪ್ರೇ ಟಿವಿ ಪಕ್ಕ ಉಂಟು. ಅದನ್ನು ಮತ್ತೆ ಅತ್ತರಿನ ಕಪಾಟಿಗೆ ಸೇರಿಸಬೇಡಿ.

ನೋವು ಶುರುವಾದ ಕೂಡಲೇ ಮೂಗು ಸೀಟಿ ಕುಳಿತುಕೊಳ್ಳಿ. ಒಂದು ಹೊಳ್ಳೆ ಮುಚ್ಚಿ ಇನ್ನೊಂದಕ್ಕೆ ಒಮ್ಮೆ ಒತ್ತಿ. ಸರಿ ಉಂಟಾ ಅಂತ ಗಾಳಿಗೆ ಒತ್ತಿ ನೋಡುದು ಬೇಡ, ಒಂದು ಬಾಟ್ಲಿಯಲ್ಲಿ ಇರುದೇ ಒಂದು ಸಲದ ಮದ್ದು. ನೋವು ಇಳಿಯದಿದ್ದರೆ ಡಾಕ್ಟರಿಗೆ ಕೇಳದೆ ಇನ್ನೊಂದು ಬಾಟ್ಲಿ ತೆರೆಯಬೇಡಿ. ಎದೆ ಬಿಗಿದ ಹಾಗಾದರೆ ನನ್ನನ್ನು ಕಾಯಬೇಡಿ, ಆಟೋದ ಅಸ್ಕರನನ್ನು ಕರೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಊಟ ಮಾಡಿದವರಿಗೆ ಅತ್ತರ್ ಹಚ್ಚದೆ ಕಳಿಸುವವರು ನೀವಲ್ಲ, ಗೊತ್ತು. ಆದರೆ ಶುಕ್ರವಾರ ಊಟಕ್ಕೆ ಬಂದ ಪೋಕರ್ ಹಾಜಿಯವರ ಅಂಗಿಗೆ ಕನ್ನಡಕ ಇಲ್ಲದೆ ನೀವು ಹೊಡೆದದ್ದು ಈ ಮದ್ದು. ಆ ಸಂಜೆ ನೋವು ಬಂದಾಗ ಬಾಟ್ಲಿ ಖಾಲಿ. ತಲೆಗೆ ಉಮ್ಮನ ಶಾಲು ಬಿಗಿದು ಗೋಡೆಗೆ ಮುಖ ಮಾಡಿ ಮಲಗಿದ್ದಿರಿ. ಅದನ್ನು ನೋಡಿ ನನಗೆ ಬೈಯಲಿಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ಈಗ ಬರೆದು ಬೈಯುತ್ತಿದ್ದೇನೆ.

ಮತ್ತೆ, ಬೆಳಿಗ್ಗೆ ಹಾಜಿಯವರ ಫೋನ್ ಬಂದಿತ್ತು. "ಉಪ್ಪನ ಆ ದುಬೈ ಅತ್ತರ್ ಎಂತ ಪರಿಮಳ ಮೋಳೇ! ಮಗನ ಮದುವೆಗೆ ಅದೇ ಬೇಕು, ಒಂದು ಡಜನ್ ತರಿಸಲಿಕ್ಕೆ ಹೇಳು" ಅಂದರು. ನಾನು ಹೂಂ ಅಂದಿದ್ದೇನೆ.

ಅದಕ್ಕೆ ಡಾಕ್ಟರ ಚೀಟಿ ಬೇಕು ಅಂತ ನೀವೇ ಹೇಳಿ.

ನಿಮ್ಮ ಮಗಳು ನಶೀದಾ